ಹದಿನೇಳು ಗಂಟೆ ಕಣಮ್ಮ

ಅಮ್ಮನಿಗೆ ಉಸಿರು ಕಟ್ಟಿದ್ದು ಭಾನುವಾರ ಬೆಳಿಗ್ಗೆ, ಚರ್ಚಿಗೆ ಹೊರಟಾಗ. ಮೈಸೂರಿನ ಕುಂಬಾರಕೊಪ್ಪಲಿನ ನಮ್ಮ ಮನೆಯ ಮೂರು ಮೆಟ್ಟಿಲು ಇಳಿದವರು ಅಲ್ಲೇ ಕುಳಿತುಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಐಸಿಯು. ನ್ಯುಮೋನಿಯಾ, ಎರಡೂ ಶ್ವಾಸಕೋಶಕ್ಕೆ.

ಡಾಕ್ಟರ್ ನೇರವಾಗಿ ಹೇಳಿದರು: "ಸದ್ಯಕ್ಕೆ ಮಾಸ್ಕ್‌ನಲ್ಲಿ ನೋಡ್ತೀವಿ. ವೆಂಟಿಲೇಟರ್ ಬೇಕಾಗಬಹುದು. ಟ್ಯೂಬ್ ಹಾಕಿದ್ಮೇಲೆ ಮಾತಾಡಕ್ಕಾಗಲ್ಲ. ಯಾರಾದ್ರೂ ಮಾತಾಡೋರಿದ್ರೆ ಈಗ್ಲೇ ಮಾತಾಡಿಸಿ."

ಮಾತಾಡಬೇಕಾದವಳು ಅಕ್ಕ. ಕನ್ಯಾಸ್ತ್ರೀ. ಆರು ವರ್ಷದಿಂದ ಬ್ರೆಜಿಲ್‌ನ ಸಾವೊ ಪಾಲೊದಲ್ಲಿದ್ದಾಳೆ. ಫೋನ್ ಮಾಡಿದೆ. ಸಿಕ್ಕ ವಿಮಾನ ಹತ್ತಿ ಬರುತ್ತೇನೆ ಎಂದಳು.

ಅಮ್ಮ ಮಾಸ್ಕ್ ಸರಿಸಿ ಕೇಳಿದರು, "ಎಷ್ಟೊತ್ತಾಯ್ತದೋ ಅವ್ಳು ಬರಕ್ಕೆ?"

ನಾನು ಪತ್ರಿಕೆಯ ಡೆಸ್ಕ್‌ನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು. ಯಾವ ಅಂಕಿಯನ್ನೂ ಒಂದೇ ಕಡೆ ನೋಡಿ ನಂಬುವುದಿಲ್ಲ. ಸಾವೊ ಪಾಲೊ, ಬೆಂಗಳೂರು, ಎರಡೂ ವಿಮಾನ ನಿಲ್ದಾಣಗಳ ಹೆಸರು ಹಾಕಿ ಮೂರು ವೆಬ್‌ಸೈಟ್ ತಾಳೆ ನೋಡಿದೆ. ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್, ಹದಿನೇಳು ಗಂಟೆ. ಮೂರೂ ಒಂದೇ ಹೇಳಿದವು.

"ಹದಿನೇಳು ಗಂಟೆ ಕಣಮ್ಮ. ಬೆಂಗಳೂರಿಂದ ಇಲ್ಲಿಗೆ ಇನ್ನು ನಾಲ್ಕು."

"ಹಂಗಾರೆ ನಾಳೆ ಬಂದ್ಬುಡ್ತಾಳೆ. ಫೋನ್ ಬ್ಯಾಡ ಬುಡು, ಎದುರಿಗೇ ಕೂರಿಸ್ಕೊಂಡು ಮಾತಾಡ್ತೀನಿ. ಫೋನಲ್ಲಾದ್ರೆ ನೀನು ಕೇಳಿಸ್ಕೋತೀಯ. ಪೇಪರ್ನೋನು, ನಾಳೆ ಅಚ್ಚಾಕ್ಬುಡ್ತೀಯ."

ನರ್ಸ್ ನಕ್ಕರು. ನಾನೂ ನಕ್ಕೆ.

ಆ ಎರಡು ಊರುಗಳ ನಡುವೆ ನೇರ ವಿಮಾನವೇ ಇಲ್ಲ.

ಅಂಕಿ ತಪ್ಪಿರಲಿಲ್ಲ. ಭೂಪಟದ ಮೇಲಿನ ದೂರವನ್ನು ವಿಮಾನದ ವೇಗದಿಂದ ಭಾಗಿಸಿದ ಲೆಕ್ಕ ಅದು. ಸೋಮವಾರ ಬೆಳಿಗ್ಗೆ ಅಕ್ಕ ಕಳಿಸಿದ ಟಿಕೆಟ್ ನೋಡಿದಾಗ ಗೊತ್ತಾಯಿತು: ಅವಳ ವಿಮಾನ ಹೊರಡುವುದೇ ಈಗ, ನಡುವೆ ಒಂದು ಕಡೆ ಇಳಿದು ಗಂಟೆಗಟ್ಟಲೆ ಕಾಯಬೇಕು, ಮೈಸೂರು ಮುಟ್ಟುವುದು ಮಂಗಳವಾರ ಮಧ್ಯಾಹ್ನ. ತಕ್ಷಣ ಕರೆ ಮಾಡಿದೆ. ಸ್ವಿಚ್ ಆಫ್.

"ಎಲ್ಲಿಗೆ ಬಂದ್ಲಂತೆ?" ಅಮ್ಮನ ದನಿ ಆಗಲೇ ತುಂಡಾಗುತ್ತಿತ್ತು.

"ದಾರೀಲವ್ಳೆ."

ಅಷ್ಟು ಮಾತ್ರ ನಿಜ.

ಅದೇ ಮಧ್ಯಾಹ್ನ ಎರಡು ಗಂಟೆಗೆ ಡಾಕ್ಟರ್ ಹೊರಗೆ ಬಂದರು. "ಇನ್ನು ಕಾಯಕ್ಕಾಗಲ್ಲ ಸಾರ್." ವೆಂಟಿಲೇಟರ್‌ಗೆ ಒಪ್ಪಿ ಸಹಿ ಹಾಕಿದೆ.

ಅಕ್ಕ ಬಂದಾಗ ಅಮ್ಮ ಮತ್ತಿನಲ್ಲಿದ್ದರು. "ಫೋನಲ್ಲಾದ್ರೂ ಒಂದ್ಸಲ ಕೊಡಬಾರ್ದಿತ್ತೇನೋ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಮ್ಮ ಬದುಕಿದ್ದಾರೆ. ಇದನ್ನು ದಾಖಲಿಸಬೇಕು. ಮೂರನೇ ವಾರ ಟ್ರೆಕಿಯಾಸ್ಟಮಿ ಮಾಡಿ ಕುತ್ತಿಗೆಗೆ ಕೊಳವೆ ಇಟ್ಟರು. ಎಚ್ಚರವಿದೆ, ಗುರುತಿದೆ, ದನಿಯಿಲ್ಲ. ಬರಬಹುದು, ಬರದೆಯೂ ಇರಬಹುದು ಎನ್ನುತ್ತಾರೆ ಡಾಕ್ಟರ್.

ಅಷ್ಟರಲ್ಲಿ ಅಕ್ಕನ ರಜೆ ಮುಗಿಯಿತು. ಹೊರಡುವ ದಿನ ಅಮ್ಮನ ತುಟಿಗಳು ಬಹಳ ಹೊತ್ತು ಆಡಿದವು. ನಮಗಿಬ್ಬರಿಗೂ ಒಂದು ಪದವೂ ತಿಳಿಯಲಿಲ್ಲ. ಸ್ಲೇಟು ಹಿಡಿದೆವು, ಅಮ್ಮ ಬರೆದ ಅಕ್ಷರಗಳೆಲ್ಲ ಬರೀ ಗೀಟುಗಳಾದವು. ಕೊನೆಗೆ ಹೆಬ್ಬೆರಳಿನಿಂದ ಅಕ್ಕನ ಹಣೆಯ ಮೇಲೆ ಶಿಲುಬೆಯ ಗುರುತು ಎಳೆದರು. ದೂರ ಹೊರಟವರಿಗೆ ನಮ್ಮ ಮನೆಯಲ್ಲಿ ಹಾಗೆ ಮಾಡುವುದು ರೂಢಿ.

ಆಮೇಲೆ ಬೆರಳು ಮಡಿಸಿ ನನ್ನನ್ನು ಕರೆದರು.

"ನಾನೆಲ್ಲೂ ಹೋಗ್ತಿಲ್ಲ ಕಣಮ್ಮ" ಎಂದೆ.

ಬೆರಳು ಕರೆಯುತ್ತಲೇ ಇತ್ತು. ಬಗ್ಗಿದೆ.