ಎಡಗೈ ಕವಾಯತಿನ ಮಾಸ್ತರರು

ಮಾತಿನ ಹುಮ್ಮಸ್ಸಿಗೆ ಬಿದ್ದರೆ ಸಾಕು, ಮಾಸ್ತರರ ಕಿವಿಗಳೆರಡೂ ಕೆಂಪಗಾಗುತ್ತಿದ್ದವು. ಧೋತರದ ಕೆಳಗೆ ಅಳಿಯನ ಸ್ನೀಕರ್ಸು, ಹೆಗಲ ಮೇಲೆ ಬಂದೂಕಿನ ಹಾಗೆ ಛತ್ರಿ. ಧಾರವಾಡದಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ, ಎಂಬತ್ತರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಮಗಳ ಮನೆಗೆ ಬಂದಿದ್ದರು. ನಮ್ಮದು ಪಕ್ಕದ ಅಪಾರ್ಟ್‌ಮೆಂಟು. ರೈಲು ಹತ್ತಿ ಬರ್ಕ್ಲಿಯ ಲೈಬ್ರರಿಗೆ ಹೋಗುವರು, ಹಳೆಯ ಯುರೋಪಿನ ಕವಾಯತು ಪುಸ್ತಕಗಳನ್ನು ನೋಡುವರು, ಬಂದವರೇ ನಮ್ಮ ಬಾಗಿಲು ತಟ್ಟುವರು.

“ಮದಲ ಬಂದೂಕಿಗೆ ಮದ್ದು ತುಂಬೂದು ಒಬ್ಬೊಬ್ಬಂದು ಒಂದೊಂದು ನಮೂನಿ ಇತ್ರಿ. ಚಿತ್ರದ ಪುಸ್ತಕ ಅಚ್ಚಾತು ನೋಡ್ರಿ, ಊರೂರಿಗೂ ಒಂದ ಕವಾಯತು! ಓದಾಕ ಬರೂ ಸಿಪಾಯಿ ಉಳದವರಿಗೆ ಓದಿ ಹೇಳಾಂವ. ಮುಂದ ಅಂವನ ಸಾರ್ಜೆಂಟ್ ಆದ!”

ಇದನ್ನು ಇನ್ನೊಮ್ಮೆ ತುಂಬಿದ ಸಭೆಯ ಮುಂದೆ ಹೇಳಬೇಕು, ಅವರಿಗಿದ್ದ ಆಸೆ ಅದೊಂದೇ. ಮಗಳು ಬೇಡವೆಂದಳು. “ಅಪ್ಪಾ, ಕನ್ನಡ ಕೂಟಕ್ಕ ಮಂದಿ ಬರೂದು ಹಾಡಿಗೆ, ಊಟಕ್ಕ. ಸುಮ್ಮ ನಗ್ತಾರ.” ಕನ್ನಡ ಕೂಟದ ಕಾರ್ಯದರ್ಶಿಯೂ ಯುಗಾದಿಯ ದಿನ ಹತ್ತೇ ನಿಮಿಷ ಕೊಟ್ಟರು. “ಬೇಗ ಮುಗಿಸ್ಬಿಡಿ ಸಾರ್, ಬಿಸಿಬೇಳೆಭಾತು ಆರ್ಹೋಗುತ್ತೆ.”

ಮಾಸ್ತರರು ಭಾಷಣವನ್ನೇ ಮಾಡಲಿಲ್ಲ. ಮಕ್ಕಳ ಕೋಲಾಟದ ಕೋಲುಗಳನ್ನು ಮುಂದೆ ಕೂತಿದ್ದ ಇಂಜಿನಿಯರುಗಳ ಕೈಗೆ ಕೊಟ್ಟು, “ಎದ್ದು ನಿಲ್ರಿ, ಚಿತ್ರ ನೋಡಿ ಮಾಡ್ರಿ” ಎಂದರು. ನನ್ನ ಆಫೀಸಿನ ಪ್ರೊಜೆಕ್ಟರಿನ ಮೇಲೆ ಮಗಳು ಚಿತ್ರದ ಪಾರದರ್ಶಕ ಹಾಳೆ ಇಟ್ಟಳು. ಗೋಡೆಯ ಮೇಲೆ ಸಿಪಾಯಿ ಮೂಡಿದ. ಎಲ್ಲರೂ ಕೋಲನ್ನು ಎಡಹೆಗಲಿಗೆ ಆನಿಸಿ ಗುರಿ ಹಿಡಿದರು! ಮಗಳು ಹಾಳೆಗೆ ಕೈ ಹಾಕಿದಳು. “ಅಪ್ಪಾ, ಹಾಳಿ ಉಲ್ಟಾ ಇಟ್ಟೀನಿ.”

“ತಗೀಬ್ಯಾಡ!” ಮಾಸ್ತರರು ಕುಣಿದೇಬಿಟ್ಟರು. “ಹಿಂಗ ಆಗ್ತಿತ್ರಿ! ಅಚ್ಚಾದ ಚಿತ್ರ ಕದ್ದು, ಇದ್ದದ್ದು ಇದ್ದಂಗ ತಾಮ್ರದ ತಗಡಿನ ಮ್ಯಾಲ ಕೆತ್ತಿ ಅಚ್ಚು ಹಾಕಿದ್ರ ಬಲಗೈ ಎಡಗೈ ಆಗ್ತದ. ಕಳ್ಳಪ್ರತಿ ಕೊಂಡ ದಳಪತಿಗೆ ಸಿಕ್ಕಾಂವ ಎಡಚ ಸಿಪಾಯಿ!”

ಸಭೆಯೆಲ್ಲ ನಕ್ಕು ನಕ್ಕು ಸುಸ್ತಾಯಿತು. ಕನ್ನಡ ಬಾರದ ಮಕ್ಕಳೂ “ಒನ್ಸ್ ಮೋರ್, ತಾತಾ!” ಎಂದು ಮುತ್ತಿಕೊಂಡರು. ಬಿಸಿಬೇಳೆಭಾತು ತಣ್ಣಗಾಯಿತು, ಯಾರೂ ಗೊಣಗಲಿಲ್ಲ. ಇಸವಿಗಳ ಪಟ್ಟಿಯೇ ಇತಿಹಾಸ ಎಂದುಕೊಂಡಿದ್ದ ನನಗೆ ಅದರಲ್ಲಿ ಕೈಕಾಲುಗಳೂ ಇವೆಯೆಂದು ತಿಳಿದದ್ದು ಆವತ್ತು. ಆ ಋಣ ಇನ್ನೂ ಹಾಗೇ ಇದೆ.

ಮರುವರ್ಷದ ಯುಗಾದಿಗೆ ಕೂಟದವರು ತಾವಾಗಿಯೇ ಮಾಸ್ತರರಿಗೆ ಇಡೀ ಒಂದು ಗಂಟೆ ಎತ್ತಿಟ್ಟರು. ಅಷ್ಟರೊಳಗೆ ಅವರು ತೀರಿಹೋದರು. ಆ ಖಾಲಿ ಗಂಟೆಗೆ ಹಾಡು ಹಾಕೋಣವೆಂದು ಕಾರ್ಯದರ್ಶಿ ಫೋನು ಮಾಡಿದಾಗ ಮಗಳು ಹೇಳಿದಳಂತೆ: “ಯಾರಿಗೂ ಕೊಡಬ್ಯಾಡ್ರಿ. ಅದು ನಮ್ಮಪ್ಪನ ಗಂಟೆ. ನಾ ಮಾತಾಡ್ತೀನಿ.”