ಲೈನ್ ಮನೆಗೆ ಬಂದ ಸರ್ಕಾರ

ನಾವು ಕೊಡಗಿನ ತೋಟಕ್ಕೆ ಬಂದ ವಾರವೇ ನನ್ನ ಗಂಡ ಮೈಕೈಯೆಲ್ಲ ನೀಲಿಯಾಗಿ ಮನೆಗೆ ಬಂದರು. ಮೊಣಕೈವರೆಗೂ ನೀಲಿ, ಕಣ್ಣಿನ ರೆಪ್ಪೆಯ ಮೇಲೂ ನೀಲಿ. ನಾನು ಬೆಚ್ಚಿಬಿದ್ದೆ. ಮಳೆಗಾಲಕ್ಕೆ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಕಾಫಿ ಗಿಡಗಳಿಗೆ ಹೊಡೆಯುತ್ತಾರಂತೆ. ಅದನ್ನು ಇಲ್ಲಿ ಮದ್ದು ಎನ್ನುತ್ತಾರೆ. ನಮ್ಮ ಅರಕಲಗೂಡು ಸೀಮೆಯಲ್ಲಿ ಮದ್ದೆಂದರೆ ಕಾಯಿಲೆ ಬಿದ್ದವರಿಗೆ ಕೊಡುವುದು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹುದಿಕೇರಿ ಬಳಿಯ ಎಸ್ಟೇಟಿನಲ್ಲಿ ನಮಗೆ ಸಿಕ್ಕಿದ್ದು ಲೈನ್ ಮನೆ, ಅಂದರೆ ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಕೋಣೆಗಳಲ್ಲಿ ಒಂದು. ಅತ್ತ ಗೋಡೆಯಾಚೆ ಮಲಯಾಳ, ಇತ್ತ ತಮಿಳು. ಊರಲ್ಲಿ ಸಂಜೆಯಾದರೆ ಜಗಲಿ ತುಂಬ ಮಾತು. ಇಲ್ಲಿ ನನ್ನ ಮಾತು ಒಲೆಗಷ್ಟೇ ಕೇಳುತ್ತಿತ್ತು. ಕುಚ್ಚಲಕ್ಕಿ ಗಂಜಿ ಮುಂದಿಟ್ಟುಕೊಂಡರೆ ಅವ್ವ ತೊಳಸುತ್ತಿದ್ದ ಮುದ್ದೆಯ ಘಮಲು ನೆನಪಾಗಿ ತುತ್ತು ಇಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮದ್ದು ಕಲಸುವಾಗ ಸುಣ್ಣ ಸಿಡಿದು ಗಂಡನ ಎಡಗಣ್ಣಿಗೆ ಬಿತ್ತು. ರೈಟರ್, ಎಂದರೆ ಎಸ್ಟೇಟಿನ ಗುಮಾಸ್ತ, "ನೀರಲ್ಲಿ ತೊಳ್ಕೊ, ಸರಿಹೋಗ್ತದೆ" ಎಂದು ಹೊರಟುಹೋದ. ಕಣ್ಣು ಬಾತು ಮುಚ್ಚಿಕೊಂಡಿತು. ಮರುದಿನ ಪಕ್ಕದ ಕೋಣೆಯ ಅಮ್ಮಿಣಿ ಓಡಿಬಂದಳು.

"ಅಕ್ಕಾ, ಸರ್ಕಾರದ ಇನ್ಸ್‌ಪೆಕ್ಟರ್ ಬಂದುಂಟು. ಬೇಗ ಪೋಯಿ ಹೇಳು!"

ತೋಟದ ಆಳುಗಳ ಸ್ಥಿತಿಗತಿ ನೋಡಲು ಬಂದಿದ್ದ ಆ ಅಧಿಕಾರಿ ಆಫೀಸಿನ ಮೆಟ್ಟಿಲಿಳಿಯುತ್ತಿದ್ದರು. ಗಂಡನ ಕೈ ಹಿಡಿದು ಎದುರು ನಿಂತೆ. "ಆಚೆ ಹೋಗಮ್ಮ" ಎಂದು ರೈಟರ್ ಗದರಿದ. ನಾನು ಗಂಡನ ಮುಖವನ್ನು ಅಧಿಕಾರಿಯ ಕಡೆ ತಿರುಗಿಸಿದೆ.

"ಇವರ ಕಣ್ಣು ನೋಡಿ ಸ್ವಾಮಿ. ನಾವು ದುಡಿಯಕ್ಕೆ ಬಂದೋರು, ಕಣ್ಣು ಕಳ್ಕಣಕ್ಕಲ್ಲ."

"ಹಾಸನದ ಕಡೆಯವರೇನಮ್ಮ?" ಎಂದರು ಅಧಿಕಾರಿ. ಯಾರೋ ಮಾತಿನಿಂದಲೇ ನನ್ನ ಸೀಮೆಯನ್ನು ಗುರುತಿಸಿದರಲ್ಲ ಎಂದು, ಅಷ್ಟು ಹೊತ್ತು ತಡೆದಿದ್ದ ಅಳು ಬಂದೇಬಿಟ್ಟಿತು. ಅವರು ರೈಟರ್ ಕಡೆ ತಿರುಗಿದರು. "ಡಾಕ್ಟರಿಗೆ ತೋರ್ಸೋದು ನೀವು ಮಾಡೋ ಉಪಕಾರ ಅಲ್ರೀ, ಇವರ ಹಕ್ಕು. ನೀವು ಮಾಡದಿದ್ರೆ ಮಾಡಿಸೋದು ನಮ್ಮ ಕೆಲಸ."

ಅವರ ಜೀಪಿನಲ್ಲೇ ಆಸ್ಪತ್ರೆಗೆ ಹೋದೆವು. ಕಣ್ಣು ಉಳಿಯಿತು, ದೃಷ್ಟಿ ಮಂಜಾಯಿತು. ಮುಂದಿನ ವರ್ಷ ಮದ್ದು ಹೊಡೆಯುವವರಿಗೆಲ್ಲ ಕನ್ನಡಕ ಬಂತು, ಲೈನಿಗೆ ಕಂಪೌಂಡರ್ ಬರತೊಡಗಿದರು. ಅದೂ ಇನ್ಸ್‌ಪೆಕ್ಟರ್ ಮತ್ತೆ ಮತ್ತೆ ಬಂದು ಜೋರು ಮಾಡಿದ ಮೇಲೆ.

ಕಳೆದ ಬೇಸಗೆಯಲ್ಲಿ ತವರಿಗೆ ಹೋಗಿದ್ದೆ. ಹೊರಡುವ ಹೊತ್ತಿಗೆ ಅವ್ವ ನನ್ನ ಸೆರಗು ಹಿಡಿದಳು. "ಇನ್ನೊಂದೆರಡು ದಿನ ಇರು ಮಗ."

"ಮನೇಗೋಗ್ಬೇಕು ಕಣವ್ವ" ಎಂದುಬಿಟ್ಟೆ.

"ಮತ್ತೆ ಇದ್ಯಾವ ಮನೆಯೇ?" ಎಂದಳು ಅವ್ವ.

ಚೀಲ ಕೆಳಗಿಟ್ಟು, ಬಸ್ಸು ಬರುವವರೆಗೂ ಅವಳ ಮಗ್ಗುಲಲ್ಲೇ ಕೂತೆ.