ಅಜ್ಜಿ ಮಾತಾಡದ ಪ್ರಬಂಧ

ಚಿಂತಾಮಣಿಯ ಕಾಲೇಜೊಂದರಲ್ಲಿ ಕನ್ನಡ ಬರವಣಿಗೆ ಕಲಿಸುವ ಅತಿಥಿ ಉಪನ್ಯಾಸಕ ನಾನು. ನಿಯಮ ಮಾಡೋರು ವಿಭಾಗದ ಮುಖ್ಯಸ್ಥರು, ಮೊದಲ ದಿನ ತರಗತಿಯಲ್ಲಿ ಓದಿ ಹೇಳೋನು ನಾನು. ಪ್ರಬಂಧದಲ್ಲಿ ಬೇರೆ ಭಾಷೆಯ ವಾಕ್ಯ ಬಂದರೆ ಅಂಕವಿಲ್ಲ ಅನ್ನೋದು ಅದರಲ್ಲೊಂದು.

ಈ ವರ್ಷ ವರಲಕ್ಷ್ಮಿ ಅನ್ನೋ ಹುಡುಗಿ ಆಗಷ್ಟೇ ತೀರಿಕೊಂಡಿದ್ದ ತನ್ನ ಅಜ್ಜಿಯ ಬಗ್ಗೆ ಬರೆದಳು. ಅಜ್ಜಿಯ ಮಾತೆಲ್ಲ ತೆಲುಗು. ಏಳಲಾಗದೆ ಮಲಗಿದ್ದಾಗಲೂ ಆಕೆ ಮೊಮ್ಮಗಳ ಊಟ ವಿಚಾರಿಸಿ, "ತಿನ್ನಾವಾ ತಲ್ಲೀ?" ಅನ್ನೋದನ್ನು ಓದುವಾಗ ನನ್ನ ಕಣ್ಣು ತುಂಬಿತ್ತು. ಮುಖ್ಯಸ್ಥರು ಅದಕ್ಕೆ ಸೊನ್ನೆ ಹಾಕಿ, ತಿದ್ದಿಸಿ ತನ್ನಿ ಅಂದರು. ನಾನು ವಾದ ಮಾಡಿ ನೋಡಿದೆ, ಅವರು ಜಗ್ಗಲಿಲ್ಲ.

"ಮಾತನ್ನೆಲ್ಲ ಕನ್ನಡಕ್ಕೆ ತಿರುಗಿಸಿಬಿಡಮ್ಮ," ಅಂದೆ ವರಲಕ್ಷ್ಮಿಗೆ.

"ನಮ್ಮಜ್ಜಿಗೆ ಕನ್ನಡಾನೇ ಬರ್ತಿರಲಿಲ್ಲ ಸಾರ್. ಹೆಂಗ್ ಮಾತಾಡಿಸ್ಲಿ?"



ಮಾರನೇ ದಿನ ಹೊಸದಾಗಿ ಬರೆದು ತಂದಳು. ಅದರಲ್ಲಿ ಅಜ್ಜಿ ಒಂದು ಮಾತೂ ಆಡಿರಲಿಲ್ಲ. ಸುಮ್ಮನೆ ಮಲಗಿದ್ದಳು, ತೀರಿಕೊಂಡಳು.

"ಸರಿ ಐತಾ ಸಾರ್?"

ಸರಿಯಾಗಿದೆ ಅಂದೆ. ಆಮೇಲೆ ಅವಳು ಬರೆದ ಯಾವ ಪ್ರಬಂಧದಲ್ಲೂ ತಪ್ಪಿಲ್ಲ, ಯಾರೂ ಬಾಯಿಬಿಡುವುದೂ ಇಲ್ಲ. ಕೆಂಪು ಪೆನ್ನು ಹಿಡಿದು ಕೂತರೆ ತಿದ್ದೋಕೆ ಏನೂ ಸಿಗದೆ ಸಂಕಟವಾಗುತ್ತೆ. ಇವಳಿಗೆ ನಾನು ಕಲಿಸಿದ್ದು ಇಷ್ಟೇ ಅನ್ನಿಸುತ್ತೆ.

ಮುಖ್ಯಸ್ಥರಿಗೆ ಮಾತ್ರ ಸಂತೋಷವೋ ಸಂತೋಷ. ತಿದ್ದಿ ತಂದ ಅಜ್ಜಿಯ ಪ್ರಬಂಧಕ್ಕೆ ಪೂರ್ತಿ ಅಂಕ ಕೊಟ್ಟು, "ಇಪ್ಪುಡು ಬಾಗುಂದಿ ಸಾರ್, ಶುದ್ಧ ಕನ್ನಡ!" ಅಂತ ನನ್ನ ಬೆನ್ನು ತಟ್ಟಿದರು. ಅವರ ಮನೆಮಾತೂ ತೆಲುಗೇ.